ಹೋಟೆಲಿನ ಮುತ್ತಜ್ಜ

ಹಳೆಯ ತೈಲಚಿತ್ರಗಳನ್ನು ತೊಳೆದು ಸರಿಮಾಡುವುದು ನನ್ನ ಕೆಲಸ. ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಯಜಮಾನರೊಬ್ಬರು ಕರೆದರೆಂದು ಹೋದೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ಕೋಟು, ಪೇಟ, ಸರಪಳಿ ಗಡಿಯಾರ ತೊಟ್ಟ ಗಂಡಸೊಬ್ಬನ ಚಿತ್ರವಿತ್ತು. ಅದಕ್ಕೆ ಮಲ್ಲಿಗೆ ಹಾರ ಬೇರೆ.

"ನಮ್ಮ ಮುತ್ತಜ್ಜ. ವಿಕ್ಟೋರಿಯಾ ರಾಣಿಯ ಕಾಲದ್ದು. ಮಗಳನ್ನು ನೋಡ್ಲಿಕ್ಕೆ ಠಾಣೆಯಿಂದ ಗಂಡಿನ ಕಡೆಯವರು ಬರ್ತಾರೆ. ಒಗ್ಗರಣೆ ಜಿಡ್ಡು ಕೂತಿದೆ, ಅದೊಂದು ತೆಗೆದು ಕೊಡಿ" ಎಂದರು.

ಒದ್ದೆ ಹತ್ತಿಯಿಂದ ಒಂದು ಮೂಲೆ ಒರೆಸಿದೆ. ಚಿತ್ರದ ಕಂದು ಬಣ್ಣವೆಲ್ಲ ಹತ್ತಿಗೆ ಬಂತು. ಮೂಸಿ ನೋಡಿದರೆ ಚಹಾ.

"ಜೋರು ಉಜ್ಜಬೇಡಿ ಮಾರಾಯ್ರೆ, ಹಳೇ ಕಳೆ ಹೋಗ್ತದೆ."

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಕೂತಿದ್ದ ಅವರ ತಾಯಿ ಬಾಯಿಬಿಟ್ಟರು. "ಫ್ರೇಮ್ ಒಂದೇ ನಿಜದ್ದು. ಅದರಲ್ಲಿ ನನ್ನ ಅಜ್ಜನ ಫೋಟೋ ಇತ್ತು. ಬರಿಮೈಯಲ್ಲಿ, ಹೆಗಲಿಗೊಂದು ಬೈರಾಸು ಹಾಕಿ ಕೂತಿದ್ದರು. ಇವನಿಗೆ ನಾಚಿಕೆಯಂತೆ, ತೆಗೆದಿಟ್ಟ."

"ಅಮ್ಮ, ಅದು ಮನೆಯ ಅಜ್ಜ. ಇದು ಹೋಟೆಲಿನ ಅಜ್ಜ."

ಆ ರಾಣಿಯ ಊರಿನಲ್ಲೂ ಹೊಸದಾಗಿ ದುಡ್ಡು ಕಂಡವರು ಯಾರದೋ ಅಜ್ಜಂದಿರ ಚಿತ್ರ ಕೊಂಡು ತಮ್ಮವರೆನ್ನುತ್ತಿದ್ದರಂತೆ. ಅವರಾದರೂ ಸ್ವಂತ ಅಜ್ಜನನ್ನು ಗೋಡೆಯಿಂದ ಇಳಿಸಿ ಜಾಗ ಮಾಡಿಕೊಟ್ಟಿರಲಿಕ್ಕಿಲ್ಲ.

ಹತ್ತಿ ಬಿಸಾಡಿ ಎದ್ದೆ.

"ಒಂದು ಚಾ ಆದ್ರೂ ಕುಡಿದು ಹೋಗಿ" ಎಂದರು ಯಜಮಾನರು.

"ಅಜ್ಜನಿಗೆ ಬಳಿದು ಉಳಿದದ್ದಾ?" ಎಂದು ಕೇಳಿದೆ.

ಅವರಿಗೆ ಅದು ತಾಗಲೇ ಇಲ್ಲ. ಅಡುಗೆಮನೆಯತ್ತ ತಿರುಗಿ ಕೂಗಿ ಹೇಳಿದರು, "ಇವರಿಗೆ ಹೊಸತು ಮಾಡಿ."