ಹೆಸರಿಲ್ಲದ ಕಿಂಡಿ

ದೇರಪ್ಪನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಅವನ ಹೆಂಡತಿ ಕಮಲ, "ಕಿವಿಗೆ ಕರಿ ಬಟ್ಟಲು ಕಟ್ಟಿಕೊಂಡು ಕೂರೋದು" ಅನ್ನುತ್ತಿದ್ದಳು. ಸುಳ್ಳೇನೂ ಅಲ್ಲ. ಬಿಟ್ಟಂಗಾಲದಿಂದಾಚೆಯ ಆ ಕಾಫಿ ತೋಟದ ಆಫೀಸಿನಲ್ಲಿ ಬೀರುವಿನಷ್ಟು ಎತ್ತರದ ಮರದ ಫೋನ್ ಬೋರ್ಡೊಂದು ಇತ್ತು. ಬಂಗಲೆಯಿಂದ ದೊರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಹೌಸಿಗೆ ಮಾತಾಡಬೇಕೇ, ಕಾಫಿ ಕಣದವರು ಗೇಟಿಗೆ ಹೇಳಿ ಕಳಿಸಬೇಕೇ, ಎಲ್ಲರೂ ಮೊದಲು ಈ ಬೋರ್ಡಿಗೆ ಬರಬೇಕು. ಬೋರ್ಡಿನ ಮುಂದೆ ಕೂತವನು ಒಂದು ಕಿಂಡಿಯಿಂದ ಇನ್ನೊಂದು ಕಿಂಡಿಗೆ ವಯರು ಚುಚ್ಚಿ, ಹಿಡಿ ತಿರುಗಿಸಿ ಗಂಟೆ ಬಾರಿಸಿ, ಇಬ್ಬರನ್ನೂ ಕೂಡಿಸಿ ಕೊಡಬೇಕು. ಹಾಗೆ ಕೂತವನೇ ದೇರಪ್ಪ. ಲೈನುಮನೆಗಳಲ್ಲಿದ್ದ ತೋಟದ ಆಳುಗಳು ಅವನನ್ನು ಫೋನ್ ರೈಟ್ರು ಅಂತ ಕರೆಯುತ್ತಿದ್ದರು. ರೈಟರ್, ಅಂದರೆ ತೋಟದ ಗುಮಾಸ್ತ, ಅನ್ನಿಸಿಕೊಳ್ಳುವುದು ಅವನಿಗೂ ಇಷ್ಟವೇ ಆಗಿತ್ತು, ಬೇಡ ಅನ್ನಲಿಲ್ಲ.

ಭಾಗಮಂಡಲದ ಕಡೆಯ ಗೌಡರ ಹುಡುಗ. ಗದ್ದೆ ಅಣ್ಣನ ಪಾಲಿಗೆ ಹೋಯಿತು, ಇವನು ತೋಟಕ್ಕೆ ಬಂದ. ಒಳ್ಳೆಯವನು, ಕುಡಿತವಿಲ್ಲ, ಜಗಳವಿಲ್ಲ. ಒಂದೇ ಚಾಳಿ: ಹಿಡಿದ ಕೆಲಸವನ್ನು ಸಾಲು ಬಿಡದೆ ಮುಗಿಸಬೇಕು. ಪಿಕ್ಕಿಂಗ್ ಕಾಲದಲ್ಲಿ ಹಣ್ಣು ಕೆಂಪಗೆ ಕಂಡ ಗಿಡಕ್ಕೆ ಹಾರಿ ಹೋಗುವವರನ್ನು ಕಂಡರೆ ಅವನಿಗೆ ಮೈ ಉರಿಯುತ್ತಿತ್ತು. "ಗಿಡದಲ್ಲಿ ಹಣ್ಣಿಲ್ಲ ಅಂತ ನಿಂಗೆ ಹೇಳಿದ್ದು ಯಾರು? ಕೈ ಹಾಕಿ ನೋಡ್ದ್ಯಾ?" ಅಂತ ಗದರಿಸುತ್ತಿದ್ದ. ಇಂಥ ಮನುಷ್ಯನನ್ನು ಒಂದು ಬೋರ್ಡಿನ ಮುಂದೆ ಕೂರಿಸಿ, ಅದರಲ್ಲಿ ಯಾರಿಗೂ ಗೊತ್ತಿಲ್ಲದ ಕಿಂಡಿಗಳಿವೆ ಅಂತ ಹೇಳಿದರೆ ಸುಮ್ಮನಿರುತ್ತಾನೆಯೇ?

ಹೇಳಿದ್ದು ಹೊಸ ದೊರೆ. ಕೊಡಗು ಮೈಸೂರಿಗೆ ಸೇರಿ ಕೆಲವು ವರ್ಷಕ್ಕೆ ಬಿಳಿ ದೊರೆ ತೋಟ ಮಾರಿ ಹಡಗು ಹತ್ತಿದ್ದ. ಆ ಬೋರ್ಡನ್ನು ತನ್ನ ಕೈಯಾರೆ ಕಟ್ಟಿದವನು ಅವನೇ, ಯುದ್ಧದಲ್ಲಿ ತಂತಿ ಎಳೆಯುವ ಪಡೆಯಲ್ಲಿದ್ದನಂತೆ. ಹೋಗುವಾಗ ಯಾವ ಕಿಂಡಿ ಎಲ್ಲಿಗೆ ಅಂತ ಒಂದು ಕಾಗದ ಅಂಟಿಸಿ ಹೋದ: ಬಂಗಲೆ, ಪಲ್ಪಿಂಗ್ ಹೌಸು, ಕಣ, ಗೇಟು, ಆಸ್ಪತ್ರೆ. ಅಷ್ಟೇ. ಬೋರ್ಡಿನಲ್ಲೋ, ಸಾಲು ಸಾಲು ಕಿಂಡಿಗಳು. ಹೊಸ ದೊರೆ ಒಂದು ದಿನ ಬೆತ್ತದ ತುದಿಯಿಂದ ಬೋರ್ಡನ್ನು ಕುಟ್ಟಿ, "ಉಳಿದದ್ದೆಲ್ಲ ಎಲ್ಲಿಗೆ ಹೋಗುತ್ತಯ್ಯಾ?" ಅಂತ ಕೇಳಿದ.

"ಹುಡುಕಿ ಹೇಳ್ತೇನೆ ದೊರೆ" ಅಂದ ದೇರಪ್ಪ. ಅವನ ಬದುಕಿನಲ್ಲಿ ಅಷ್ಟು ಖುಷಿಯಿಂದ ಅವನು ಇನ್ನೊಂದು ಮಾತು ಆಡಿದ್ದಿಲ್ಲ.

ಪಿಕ್ಕಿಂಗ್ ಮುಗಿದು, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಾರದ ಬಿಡುವಿನ ದಿನಗಳು. ದೇರಪ್ಪ ತನಗೊಂದು ಕ್ರಮ ಮಾಡಿಕೊಂಡ. ಮೇಲಿನ ಸಾಲಿನ ಎಡಗಡೆಯಿಂದ ಶುರು. ಕಿಂಡಿಗೆ ವಯರು ಚುಚ್ಚು. ಹಿಡಿ ತಿರುಗಿಸು. ಎಲ್ಲಾದರೂ ಗಂಟೆ ಬಾರಿಸಿತೇ ನೋಡು. ಬಾರಿಸಲಿ ಬಾರಿಸದಿರಲಿ, ಕೇಳುವ ಆ ಕರಿ ಬಟ್ಟಲನ್ನು ಕಿವಿಗಿಟ್ಟು ಒಂದು ಎಲೆಯಡಿಕೆ ಜಗಿದು ಮುಗಿಯುವಷ್ಟು ಹೊತ್ತು ಕೇಳು. ಆಮೇಲೆ ವಯರು ಬಿಡಿಸಿ ಮುಂದಿನದಕ್ಕೆ ಹೋಗು. ಯಾವುದನ್ನೂ ಹಾರಿಸುವ ಹಾಗಿಲ್ಲ. ಒಂದು ಸಲ ಆದ ಮೇಲೆ ಆಸ್ಪತ್ರೆ ತೆರೆದಿರುವ ಹೊತ್ತಿನಲ್ಲೊಮ್ಮೆ, ಕಣ ನಡೆಯುವ ಹೊತ್ತಿನಲ್ಲೊಮ್ಮೆ ಮತ್ತೆ ಮೊದಲಿಂದ.

ಇದಕ್ಕೆ ಆ ತುದಿಯಲ್ಲಿ ಒಬ್ಬ ಬೇಕಲ್ಲ. ಬೊಮ್ಮ ಸಿಕ್ಕಿದ. ಲೈನಿನ ಗಟ್ಟಿ ಆಳು, ಮಾತು ಕಡಿಮೆ, ನಗು ಜಾಸ್ತಿ. ಅವನು ಕಣದಿಂದ ಗೇಟಿಗೆ, ಗೇಟಿನಿಂದ ಪಲ್ಪಿಂಗ್ ಹೌಸಿಗೆ ಓಡಾಡಿ ಒಂದೊಂದು ಫೋನಿನ ಹತ್ತಿರವೂ ನಿಂತು, ಗಂಟೆ ಬಾರಿಸಿದರೆ ಎತ್ತಿ, "ರೈಟ್ರೇ, ಬೊಮ್ಮ" ಅನ್ನುತ್ತಿದ್ದ. ಬಾರಿಸದಿದ್ದರೆ ಬಂದು, "ಇಲ್ಲ ರೈಟ್ರೇ, ಸತ್ತದೆ" ಅನ್ನುತ್ತಿದ್ದ. ಹಳೆಯ ಕುದುರೆ ಲಾಯದ ಗೋಡೆಯಲ್ಲಿ ಒಂದು ಫೋನು ಗೊಬ್ಬರದ ಚೀಲದ ಹಿಂದೆ ಸಿಕ್ಕಿತು. ಇಬ್ಬರಿಗೂ ನಿಧಿ ಸಿಕ್ಕಿದಷ್ಟು ಸಂತೋಷ. ಬೊಮ್ಮ ಆ ಸಂಜೆ ಒಂದು ಬುಟ್ಟಿ ಏಡಿ ತಂದುಕೊಟ್ಟ, ಕಮಲ ಹುರಿದಳು.

ಹೀಗೆ ಹುಡುಕುತ್ತ ಕೆಳಗಿನ ಸಾಲಿಗೆ ಬಂದಾಗ ಒಂದು ಕಿಂಡಿ. ಹಿಡಿ ತಿರುಗಿಸಿದರೆ ಎಲ್ಲಿಯೂ ಗಂಟೆ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಸತ್ತದ್ದು ಅಂತ ಬಿಟ್ಟು ಮುಂದೆ ಹೋಗುತ್ತಿದ್ದರು. ದೇರಪ್ಪ ಬಿಡುವವನೇ? ಕ್ರಮ ಕ್ರಮವೇ. ಕಿವಿಗಿಟ್ಟು ಕೂತ. ಗಾಜಿನ ಸೀಸೆ ಟಣ್ ಅಂದಿತು. ಆಮೇಲೆ ಗಂಗಮ್ಮನ ದನಿ: "ನುಂಗು. ಬಾಯಲ್ಲಿ ಇಟ್ಕೊಂಡು ಹೊರಗೆ ಹೋಗಿ ಉಗಿಯೋದು ಬೇಡ, ನಂಗೆ ಎಲ್ಲ ಗೊತ್ತು."

ದೇರಪ್ಪನಿಗೆ ನಗು ಬಂತು. ಗಂಗಮ್ಮ ತೋಟದ ಆಸ್ಪತ್ರೆಯ ನರ್ಸು. ಕರಿಕೆಯ ಕಡೆಯವಳು, ಗಂಡ ಸತ್ತ ಮೇಲೆ ಮಡಿಕೇರಿಯಲ್ಲಿ ಕೆಲಸ ಕಲಿತು ಬಂದವಳು. ಆಸ್ಪತ್ರೆಯಲ್ಲಿ ಫೋನು ಗೋಡೆಯ ಮೇಲೆ ತಣ್ಣಗೆ ನೇತಾಡುತ್ತಿತ್ತು, ಯಾರೂ ಎತ್ತಿರಲಿಲ್ಲ. ಆದರೂ ಇಲ್ಲಿ ಎಲ್ಲ ಕೇಳುತ್ತಿತ್ತು. ಆಸ್ಪತ್ರೆಗೆ ಹೆಸರಿದ್ದ ಕಿಂಡಿ ಒಂದು, ಹೆಸರಿಲ್ಲದ್ದು ಇನ್ನೊಂದು. ಬಿಳಿ ದೊರೆ ಇದನ್ನು ಯಾಕೆ ಮಾಡಿಟ್ಟನೋ, ಅವನಿಗೇ ಗೊತ್ತು. ಜ್ವರ ಬಂತೆಂದು ಸುಳ್ಳು ಹೇಳುವವರನ್ನು ಹಿಡಿಯಲೋ ಏನೋ.

ಇಲ್ಲಿಯವರೆಗೆ ಯಾವ ತಪ್ಪೂ ಇಲ್ಲ. ತಪ್ಪು ಆದದ್ದು ಮುಂದಿನ ಹೆಜ್ಜೆಯಲ್ಲಿ, ಅದೂ ಯೋಚನೆ ಮಾಡದೆ. ತೋಟದಲ್ಲಿ ಒಂದು ರೂಢಿ ಇತ್ತು: ಗಡಿಯೊಳಗೆ ಏನು ಸಿಕ್ಕಿದರೂ, ಜೇನುಗೂಡಾಗಲಿ, ಬಿದ್ದ ಬೀಟೆ ಮರವಾಗಲಿ, ತಪ್ಪಿಸಿಕೊಂಡ ಹಸುವಾಗಲಿ, ಮೊದಲ ಮಾತು ಬಂಗಲೆಗೆ. ಆಮೇಲೆ ಉಳಿದವರಿಗೆ. ದೇರಪ್ಪನ ಕೈ ತಾನಾಗಿ ಬಂಗಲೆಯ ಕಿಂಡಿಗೆ ಹೋಯಿತು. "ದೊರೆ, ಒಂದು ಸಿಕ್ಕಿತು" ಅಂತ ಹೆಮ್ಮೆಯಿಂದ ಹೇಳಿದ.

ದೊರೆ ಬಂದು ಬಟ್ಟಲನ್ನು ಕಿವಿಗಿಟ್ಟು ತುಂಬ ಹೊತ್ತು ಕೇಳಿದ. ಬೆನ್ನು ತಟ್ಟಿದ. "ನಾಳೆಯಿಂದ ಬೆಳಿಗ್ಗೆ ಆಸ್ಪತ್ರೆ ತೆರೆದ ಕೂಡಲೆ ಇದನ್ನು ನನ್ನ ಫೋನಿಗೆ ಸೇರಿಸಿಡು. ಯಾರಿಗೂ ಹೇಳುವುದು ಬೇಡ" ಅಂದ.

ದೇರಪ್ಪ ಸೇರಿಸಿಟ್ಟ. ಮರುದಿನವೂ, ಅದರ ಮರುದಿನವೂ. ದೊರೆ ಕೇಳುತ್ತಾನೋ ಇಲ್ಲವೋ ಯಾರಿಗೆ ಗೊತ್ತು, ಕಾಫಿ ಕುಡಿಯುತ್ತ ಪೇಪರ್ ಓದುತ್ತಿರಬಹುದು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ತಾನು ಮಾತ್ರ ಕೇಳುತ್ತಿದ್ದ. ವಯರು ಸರಿಯಾಗಿ ಕೂತಿದೆಯೇ ನೋಡಬೇಕಲ್ಲ, ಅನ್ನುವುದು ನೆಪ.

ಹಾಗೆ ಕೇಳುತ್ತಿದ್ದಾಗಲೇ ಒಂದು ಬೆಳಿಗ್ಗೆ ದೊಡ್ಡಿ ಬಂದಳು. ದೊಡ್ಡಿ ಅಂದರೆ ಬೊಮ್ಮನ ಹೆಂಡತಿ.

"ಗಂಗಕ್ಕ, ಈ ಸಲ ನಿಂತದೆ" ಅಂದಳು ಮೆಲ್ಲಗೆ.

"ಯಾರಿಗೂ ಹೇಳ್ಬೇಡ" ಅಂದಳು ಗಂಗಮ್ಮ. "ಸೆರಗು ಸಡಿಲ ಮಾಡಿ ಉಟ್ಕೋ. ಮಳೆಗಾಲದ ತನಕ ಹಾಗೇ ತಳ್ಳು. ಆಮೇಲೆ ನಾನೇ ಹೆಸರು ಬರೆದು ಕಳಿಸ್ತೇನೆ. ಆಗ ದೊರೆ ತಿಪ್ಪರಲಾಗ ಹಾಕಿದ್ರೂ ಏನೂ ಮಾಡ್ಲಿಕ್ಕೆ ಆಗೋದಿಲ್ಲ."

ಇದರ ಒಳಗುಟ್ಟು ತೋಟದ ಹೆಂಗಸರಿಗೆಲ್ಲ ಗೊತ್ತು. ಬಸುರಿಗೆ ಹೆರಿಗೆ ರಜ, ರಜದಲ್ಲಿ ಸಂಬಳ ಕೊಡಬೇಕು ಅಂತ ಕಾನೂನು ಬಂದಿತ್ತು. ಆದರೆ ಅದಕ್ಕೆ ಮೊದಲು ಇಷ್ಟು ಕಾಲ ಕೆಲಸ ಮಾಡಿರಬೇಕು. ಬಸುರಿ ಅಂತ ಬೇಗ ಗೊತ್ತಾದರೆ, ಕೆಲಸ ಕಡಿಮೆ ಇದೆ ಅಂತ ಏನೋ ನೆಪ ಹೇಳಿ ಬಿಡಿಸಿಬಿಡುತ್ತಿದ್ದರು. ಅದಕ್ಕೇ ಹೆಂಗಸರು ಮುಚ್ಚಿಟ್ಟುಕೊಂಡು ಗಂಗಮ್ಮನ ಕಿವಿಗೆ ಮಾತ್ರ ಹಾಕುತ್ತಿದ್ದರು. ಗಂಗಮ್ಮನ ಹೊಟ್ಟೆಗೆ ಹೋದ ಮಾತು ಹೊರಗೆ ಬಂದದ್ದಿಲ್ಲ.

ದೇರಪ್ಪ ವಯರು ಕೀಳಲು ಕೈ ಎತ್ತಿದ. ಬಂಗಲೆಯ ಕಡೆಯಿಂದ ಯಾರೋ ಗಂಟಲು ಸರಿಮಾಡಿಕೊಂಡದ್ದು ಬಟ್ಟಲಿನಲ್ಲಿ ಕೇಳಿಸಿತು. ಎತ್ತಿದ ಕೈಯನ್ನು ಇಳಿಸಿದ.

ವಾರ ಕಳೆಯಲಿಲ್ಲ, ಬೆಳಗಿನ ಹಾಜರಿಯ ಮಸ್ಟರಿನಲ್ಲಿ ದೊಡ್ಡಿಯ ಹೆಸರು ಕರೆಯಲಿಲ್ಲ. ಅವಳ ಹಿಂದೆಯೇ ಇನ್ನಿಬ್ಬರು ಬಸುರಿಯರದು. ತೋಟದ ಲೆಕ್ಕದಲ್ಲಿ ಗಂಡ ಹೆಂಡತಿ ಒಂದು ಜೋಡಿ, ಒಬ್ಬರನ್ನು ಬಿಡಿಸಿದರೆ ಇಬ್ಬರನ್ನೂ ಬಿಡಿಸಿದ ಹಾಗೆ; ಲೈನಿನಲ್ಲಿ ಕೆಲಸವಿಲ್ಲದವರಿಗೆ ಮನೆಯೂ ಇಲ್ಲ. ಬೊಮ್ಮ ಗಂಟುಮೂಟೆ ಕಟ್ಟಿದ. ಹೋಗುವ ಮೊದಲು ಆಫೀಸಿನ ಬಾಗಿಲಿಗೆ ಬಂದು, "ಬರ್ತೇನೆ ರೈಟ್ರೇ. ಆ ಲಾಯದ ಫೋನನ್ನ ಇಲಿ ತಿನ್ನದ ಹಾಗೆ ನೋಡ್ಕೊಳ್ಳಿ" ಅಂದ. ನಗುತ್ತಲೇ ಅಂದ. ಯಾವ ಹುಡುಕಾಟಕ್ಕೆ ತಾನು ಬಿಸಿಲಲ್ಲಿ ಓಡಾಡಿದನೋ ಅದರಿಂದಲೇ ತನ್ನ ಮನೆ ಹೋಯಿತು ಅಂತ ಅವನಿಗೆ ಗೊತ್ತಿರಲಿಲ್ಲ. ದೇರಪ್ಪನಿಗೆ ಗೊತ್ತಿತ್ತು. ಅವನು ಬೋರ್ಡಿನ ಕಡೆ ತಿರುಗಿ ಇಲ್ಲದ ಧೂಳು ಒರೆಸುತ್ತ ನಿಂತ.

ಲೈನಿನಲ್ಲಿ ಮಾತು ಎದ್ದಿತು. ಮೂವರ ಗುಟ್ಟು ಗೊತ್ತಿದ್ದದ್ದು ಗಂಗಮ್ಮನಿಗೆ ಮಾತ್ರ. ಬಂಗಲೆಗೆ ಹೋಗಿ ಮುಟ್ಟಿಸಿದ್ದು ಇನ್ಯಾರು? ಗಾಳಿಯೇ? ನಲ್ಲಿಯ ಹತ್ತಿರ ಗಂಗಮ್ಮ ಬಂದರೆ ಹೆಂಗಸರು ಕೊಡ ಅರ್ಧಕ್ಕೇ ಎತ್ತಿಕೊಂಡು ಹೋದರು. ಮಕ್ಕಳಿಗೆ ಜ್ವರ ಬಂದರೆ ಮನೆಯಲ್ಲೇ ಕಷಾಯ ಮಾಡಿ ಕುಡಿಸಿದರು. ಗಂಗಮ್ಮ ಆಸ್ಪತ್ರೆಯ ಬಾಗಿಲಲ್ಲಿ ಕುರ್ಚಿ ಹಾಕಿ ಖಾಲಿ ಹಾದಿ ನೋಡುತ್ತ ಕೂತಳು. ಕಿಂಡಿಯಲ್ಲಿ ಈಗ ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು. ಒಮ್ಮೆ ಅವಳು ಒಬ್ಬಳೇ ಅತ್ತದ್ದೂ ಕೇಳಿಸಿತು.

ಬಾಯಿ ಬಿಟ್ಟರೆ ದೇರಪ್ಪನ ಕೆಲಸ ಹೋಗುತ್ತದೆ, ಕ್ವಾರ್ಟರ್ಸು ಹೋಗುತ್ತದೆ. ಬಿಡದಿದ್ದರೆ ಗಂಗಮ್ಮನ ಹೆಸರು ಹೋಗುತ್ತದೆ. ಈ ಎರಡನ್ನು ತೂಗುತ್ತ ಅವನು ಅನ್ನ ಬಿಟ್ಟ, ನಿದ್ದೆ ಬಿಟ್ಟ. ಕಮಲ ಮಂತ್ರವಾದಿಗೆ ತೋರಿಸೋಣವೇ ಅಂದಳು.

ಕೊನೆಗೆ ಅವನು ಅಂಜುಬುರುಕರು ಮಾಡುವ ಕೆಲಸ ಮಾಡಿದ, ಅರ್ಧ ಹೇಳಿದ. ಸಂತೆಗೆ ಹೊರಟ ಹೆಂಗಸರು ಲಾರಿಗೆ ಕಾಯುತ್ತ ನಿಂತಿದ್ದಾಗ ಹೋಗಿ, "ಗಂಗಮ್ಮ ಹೇಳಲಿಲ್ಲ. ನೀವು ಸುಮ್ಮನೆ ಪಾಪ ಕಟ್ಟಿಕೊಳ್ತಿದ್ದೀರಿ" ಅಂದ.

ಎಲ್ಲರೂ ತಿರುಗಿ ನೋಡಿದರು. ವಯಸ್ಸಾದ ನಿಂಗಮ್ಮ ಕೇಳಿದಳು, "ಅದು ನಿಮಗೆ ಹೆಂಗೆ ಗೊತ್ತು ರೈಟ್ರೇ?"

"ಗೊತ್ತು."

"ಅದೇ, ಹೆಂಗೆ?"

ಹೇಳಬೇಕಾದ ಗಳಿಗೆ ಅದು. ದೇರಪ್ಪ, "ನಂಗೆ ಗೊತ್ತು, ಅಷ್ಟೇ" ಅಂದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಗಂಡ ಸತ್ತವಳ ಮನಸ್ಸಿನ ಮಾತು ಹೆಂಡತಿ ಇರುವ ಗಂಡಸಿಗೆ ಅಷ್ಟು ಖಂಡಿತವಾಗಿ ಗೊತ್ತಿದ್ದರೆ ಅದಕ್ಕೆ ಏನು ಅರ್ಥ ಅಂತ ಬಿಡಿಸಿ ಹೇಳಬೇಕೇ? ಲಾರಿ ಸಂತೆ ಮುಟ್ಟುವುದರೊಳಗೆ ಅರ್ಥ ತಯಾರಾಗಿತ್ತು. ಸಂಜೆಗೆ ಅದು ಕಮಲನ ಕಿವಿಗೂ ಬಿತ್ತು. ಅವಳು ಅನ್ನ ಬಡಿಸಿ ಎದ್ದು ಹೋದಳು.

ಚಾಡಿಕೋರಿ ಅನ್ನಿಸಿಕೊಂಡು ಹೇಗೋ ಸಹಿಸಿಕೊಂಡಿದ್ದ ಗಂಗಮ್ಮ ಈ ಮಾತನ್ನು ಸಹಿಸಲಿಲ್ಲ. ಕೆಲಸ ಬಿಡುತ್ತೇನೆ ಅಂತ ಬಂಗಲೆಗೆ ಹೇಳಿದಳು. ಅದೇ ದಿನಗಳಲ್ಲಿ ಕುಟ್ಟದ ಕಡೆಯಿಂದ ಬಂದ ಲಾರಿಯವರು ಒಂದು ಸುದ್ದಿ ತಂದರು. ದೊಡ್ಡಿ ಅಲ್ಲೆಲ್ಲೋ ಮರ ಕಡಿಯುವಲ್ಲಿ ಮೋಪು ಹೊರುತ್ತಿದ್ದಳಂತೆ, ಬಸುರು ಉಳಿಯಲಿಲ್ಲವಂತೆ. ಕೇಳಿದ ದೇರಪ್ಪ ಬೋರ್ಡಿನ ಹಿಂದೆ ಹೋಗಿ ಆ ಕಿಂಡಿಯ ವಯರನ್ನು ಕತ್ತರಿಯಿಂದ ಕತ್ತರಿಸಿದ. ಇಲಿ ತಿಂದಿದೆ ಅಂತ ದೊರೆಗೆ ಹೇಳಿದ. ಆಸ್ಪತ್ರೆಗೆ ಯಾರೂ ಬರದೆ ಕೇಳಲು ಏನೂ ಉಳಿದಿರಲಿಲ್ಲವಾದ್ದರಿಂದ ದೊರೆಯೂ ಸುಮ್ಮನಾದ. ಇಷ್ಟು ಸುಲಭದ ಕೆಲಸ ಮೊದಲೇ ಮಾಡಬಹುದಿತ್ತು ಅನ್ನುವುದು ದೇರಪ್ಪನಿಗೆ ಕತ್ತರಿ ಕೆಳಗಿಟ್ಟ ಮೇಲೆ ಹೊಳೆಯಿತು.

ಗಂಗಮ್ಮ ಹೊರಟ ದಿನ ಟ್ರಂಕು ಹೊರಲು ಲೈನಿನಿಂದ ಯಾರೂ ಬರಲಿಲ್ಲ. ದೇರಪ್ಪ ಹೊತ್ತ. ನೋಡುವವರು ನೋಡಲಿ ಅನ್ನಿಸಿತು. ಬಿಟ್ಟಂಗಾಲದ ರಸ್ತೆಯಲ್ಲಿ ಮಡಿಕೇರಿಯ ಬಸ್ಸು ಬಂದು ನಿಂತಿತ್ತು, ಡ್ರೈವರು ಕಂಡಕ್ಟರು ಚಾ ಕುಡಿಯಲು ಹೋಗಿದ್ದರು. ಬೇಕಾದಷ್ಟು ಹೊತ್ತಿತ್ತು. ಇವತ್ತು ಹೇಳಿಯೇ ಬಿಡುತ್ತೇನೆ ಅಂತ ದಾರಿಯುದ್ದಕ್ಕೂ ಅವನು ಮಾತು ಜೋಡಿಸಿಕೊಂಡೇ ಬಂದಿದ್ದ.

ಅವನಿಗಿಂತ ಮೊದಲು ಅವಳೇ ಬಾಯಿ ತೆರೆದಳು.

"ದೇರಪ್ಪಣ್ಣ, ಇಡೀ ತೋಟದಲ್ಲಿ ನನ್ನನ್ನು ನಂಬಿದವರು ನೀವೊಬ್ಬರೇ. ನನಗೋಸ್ಕರ ಮಾತಾಡಿ ನೀವೂ ಕೆಟ್ಟ ಹೆಸರು ತಗೊಂಡ್ರಿ. ಆ ಪಾಪ ನಂಗಿರ್ಲಿ, ಕ್ಷಮಿಸಿಬಿಡಿ."

"ಹಾಗೆಲ್ಲ ಹೇಳ್ಬೇಡಿ ಗಂಗಕ್ಕ" ಅಂದ ಅವನು.

"ಬೆಳಿಗ್ಗೆ ನಿಮ್ಮ ಮನೆಗೆ ಹೋಗಿ ಕಮಲನ ಕೈ ಹಿಡ್ಕೊಂಡು ಹೇಳಿ ಬಂದೆ. ಅವಳು ಅತ್ತಳು, ನಂಬಿದಳು. ದೇವರಾಣೆ ನಿನ್ನ ಗಂಡನದು ಏನೂ ತಪ್ಪಿಲ್ಲ ಅಂದೆ."

ಕಂಡಕ್ಟರು ಇನ್ನೂ ಅಂಗಡಿಯಲ್ಲಿದ್ದ. ಬಸ್ಸು ಹಾಗೇ ನಿಂತಿತ್ತು. ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು, ಅವನು ಏನಾದರೂ ಅನ್ನುತ್ತಾನೆ ಅಂತ ಕಾದಳು.

"ಹೂಂ" ಅಂದ ದೇರಪ್ಪ. ಟ್ರಂಕನ್ನು ಬಸ್ಸಿನ ಮೇಲಕ್ಕೆ ಎತ್ತಿಟ್ಟ.