ತಾಟು ತೊಳೆದ ನೀರು

ಬಸವಕ್ಕನ ಬಗ್ಗೆ ನವನಗರದ ಮಂದಿ ಈಗ ಏನೇನರೆ ಮಾತಾಡ್ತಾರ. ಮಾತಾಡವರ ಬಾಯಿಗೆ ಬೀಗ ಹಾಕಾಕ ಆಗಂಗಿಲ್ಲ. ಆದ್ರ ಇಷ್ಟು ವರ್ಷ ಅಕಿ ಮನಿ ಗ್ವಾಡಿಗೆ ಗ್ವಾಡಿ ಹಚ್ಚಿಕೊಂಡು ಬಾಳೇವು ಮಾಡಿದಾಕಿ ನಾನು. ನನಗ ಗೊತ್ತಿದ್ದಷ್ಟು ಅವರಿಗೆ ಗೊತ್ತಿಲ್ಲ. ಅದಕ್ಕ ನಾನ ಹೇಳ್ತೇನಿ, ಕೇಳ್ರಿ.

ಅಕಿ ಪೂರ್ತಿ ಹೆಸರು ಶಿವಬಸವ್ವ. ಗಂಡ ನೀಲಕಂಠಪ್ಪನವರು ಅಮರಗೋಳ ಎಪಿಎಂಸ್ಯಾಗ ಕಾಳಿನ ದಲಾಲಿ ಅಂಗಡಿ ನಡಸ್ತಿದ್ರು, ನಾ ಅವರಿಗೆ ಅಣ್ಣಾರು ಅಂತಿದ್ದೆ. ಮಗ ಶಿವಯೋಗೀಶ ಈಗ ಅದ ಅಂಗಡ್ಯಾಗ ಕುಂದರ್ತಾನ. ಸೊಸಿ ರಜನಿ ದಿನಾ ಬಸ್ ಹಿಡದು ಧಾರವಾಡಕ್ಕ ಹೋಗಿ ಕೋಚಿಂಗ್ ಸೆಂಟರಿನ್ಯಾಗ ಗಣಿತ ಹೇಳಿಕೊಡ್ತಾಳ. ಅವರು ಕೊರಳಾಗ ಲಿಂಗ ಕಟ್ಟಿಕೊಂಡವರು, ನಮ್ಮ ಪಡಸಾಲ್ಯಾಗ ಬುದ್ಧನ ಫೋಟೋ. ನಾವು ಹೊಸದಾಗಿ ಬಂದಾಗ ಒಂದು ವರ್ಷ ಅಕ್ಕ ನಮ್ಮ ಮನ್ಯಾಗ ಚಾ ಮುಟ್ಟಲಿಲ್ಲ. ನಾನೂ ಕರೀಲಿಲ್ಲ, ನನಗೇನ ಗರಜು? ಆಮ್ಯಾಲೆ ಒಂದಿನ ತಾನ ಬಂದು ಕುಂತು ಕುಡದ್ಲು. ಕುಡದು, “ಏನ ಪ್ರಭಾವತಿ, ಸಕ್ಕರಿ ತುಟ್ಟಿ ಆಗೇತೇನು ನಿಮ್ಮ ಮನ್ಯಾಗ?” ಅಂದ್ಲು. ಅವತ್ತಿನಿಂದ ನಾವಿಬ್ರೂ ಗೆಳತ್ಯಾರು.

ಆ ಮನಿದು ಒಂದು ರೂಢಿ ಇತ್ತು. ಉಂಡಾದ ಮ್ಯಾಲೆ ತಾಟಿಗೆ ನೀರು ಹಾಕಿ, ಬೆರಳಿಂದ ಸುತ್ತಲೂ ತೊಳದು, ಆ ನೀರು ಕುಡೀತಾರ. ಊಟ ಅಂದ್ರ ಪ್ರಸಾದ, ಒಂದ ಅಗಳೂ ಮೋರಿಗೆ ಹೋಗಬಾರದು ಅಂತ. ಈಗಿನ ಹುಡುಗ್ರು ಬಿಡಾಕತ್ತಾರ, ಆದ್ರ ಅಣ್ಣಾರದು ಕಟ್ಟುನಿಟ್ಟು. ಹುಬ್ಬಳ್ಳ್ಯಾಗ ಹೊಟೇಲಿಗೆ ಹೋದ್ರೂ ದ್ವಾಸಿ ತಿಂದ ಪ್ಲೇಟಿಗೆ ನೀರು ಹಾಕಿ ಕುಡಿಯೂ ಮನಶ್ಯಾ. ಶಿವಯೋಗೀಶ ನಾಚಿಕೊಂಡು ಎದ್ದು ಕೈ ತೊಳಕೊಳ್ಳಾಕ ಹೋಗಿಬಿಡ್ತಿದ್ದ. ನಿಮ್ಮ ಮನಿ ಭಾಂಡಿ ತಿಕ್ಕಾಕಿಗೆ ಪುಗಸಟ್ಟೆ ಪಗಾರ ಕೊಡ್ತೀರಿ ನೋಡ್ರಿ ಅಂತ ನಾನು ಚಾಷ್ಟಿ ಮಾಡ್ತಿದ್ದೆ. ಅಣ್ಣಾರು ನಗ್ತಿದ್ರು, ನೀರು ಮಾತ್ರ ಬಿಡ್ತಿರಲಿಲ್ಲ.

ಊಟ ಬಲ್ಲವಗ ರೋಗಿಲ್ಲ ಅಂತಾರ. ಅಣ್ಣಾರಷ್ಟು ಊಟ ಬಲ್ಲವರು ಯಾರಿದ್ರು? ಹ್ವಾದ ವರ್ಷ ಯುಗಾದಿ ಮುಂದ ಅಂಗಡ್ಯಾಗ ಕುಂತಲ್ಲೆ ಲಕ್ವಾ ಹೊಡೀತು. ಬಲಗೈ, ಬಲಗಾಲು, ಮಾತು, ಮೂರೂ ಹೋದ್ವು. ಜೀವ ಉಳೀತು, ಆದ್ರ ಗಂಟಲ ಅರ್ಧ ಸತ್ತಿತ್ತು. ದವಾಖಾನ್ಯಾಗ ನುಂಗೂದು ಕಲಿಸೂ ಹುಡುಗಿ ಒಬ್ಬಾಕಿ ಬಸವಕ್ಕನ್ನ ಎದುರಿಗೆ ಕೂಡಿಸಿಕೊಂಡು ಹೇಳಿದ್ಲಂತ. ತೆಳ್ಳಂದು ಏನೂ ಕೊಡಬ್ಯಾಡ್ರಿ. ಸಾರು, ಚಾ, ಮಜ್ಜಿಗಿ, ಬರೇ ನೀರು, ಯಾವುದೂ ಬ್ಯಾಡ. ಅದು ಹೊಟ್ಟಿಗೆ ಹೋಗೂ ಬದ್ಲಿ ಉಸಿರಿನ ದಾರಿ ಹಿಡದು ಪುಪ್ಪಸಕ್ಕ ಇಳೀತೈತಿ. ಕೆಮ್ಮು ಬಂದ್ರ ನಿಮಗ ಗೊತ್ತಾಗ್ತೈತಿ, ಒಮ್ಮೊಮ್ಮೆ ಕೆಮ್ಮು ಸೈತ ಬರಂಗಿಲ್ಲ. ದಪ್ಪಂದು, ನುಣ್ಣಂದು, ಗಂಟಿಲ್ಲದ್ದು ಕೊಡ್ರಿ. ಕುಡಿಯೂ ನೀರಿಗೂ ನಾವು ಕೊಡೂ ಪುಡಿ ಕೂಡಿಸಿ ಮಂದ ಮಾಡಿ ಚಮಚಾದಿಂದ ಹಾಕ್ರಿ. ಇಷ್ಟು ಪಾಲಿಸಿದ್ರ ಮನಶ್ಯಾ ಉಳೀತಾನ ಅಂದಿದ್ಲು.

ಅಲ್ಲಿಂದ ಬಸವಕ್ಕನ ಜೀವ ಪೂರಾ ಒಲಿ ಮುಂದ ನಿಂತಿತು. ಮೊದಲ ಅಕ್ಕಿ ಗಂಜಿ ಮಾಡಿದ್ಲು, ತಾಟಿಗೆ ಹಾಕೂದರಾಗ ಮ್ಯಾಲೆ ನೀರು ಬಿಡ್ತು. ಜೋಳದ ನುಚ್ಚು ಮಾಡಿದ್ಲು, ತರಿ ಗಂಟಲಿಗೆ ಹತ್ತಿತು. ಕಡೀಕ ತವರಮನ್ಯಾಗ ಅವರವ್ವ ಹಲ್ಲಿಲ್ಲದ ಮುದುಕರಿಗೆ ಮಾಡ್ತಿದ್ದ ಗೋವಿನಜೋಳದ ನುಚ್ಚು ನೆನಪಾತು. ನಮ್ಮ ಕಡೆ ಅದಕ್ಕ ಗೊಂಜಾಳ ಅಂತೇವಿ. ಅಣ್ಣಾರು ಜೀವಮಾನ ಪೂರ್ತಿ ಕೋಳಿ ಫಾರ್ಮಿನವರಿಗೆ ಲಾರಿಗಟ್ಟಲೆ ಗೊಂಜಾಳ ಮಾರಿದವರು, ಮನಿ ಒಳಗ ಮಾತ್ರ ಒಂದು ಕಾಳು ತರಗೊಡ್ತಿರಲಿಲ್ಲ. ಕೋಳಿ ತಿನ್ನೂದನ್ನ ಮನಶ್ಯಾ ತಿಂತಾನೇನು ಅಂತಿದ್ರು. ಈಗ ಅದ ಅವರಿಗೆ ಅನ್ನ ಆತು.

ಮಾಡೂದು ಹಗೂರ ಅಲ್ಲ. ಗಿರಣ್ಯಾಗ ನಿಂತು ಸಣ್ಣ ರವಾ ಒಡಿಸಿಕೊಂಡು ಬಂದು, ಸಿಪ್ಪಿ ಒಂದೂ ಉಳೀದಂಗ ಜರಡಿ ಹಿಡೀತಿದ್ಲು. ರವಾ ತಣ್ಣೀರಾಗ ನೆನಸಿ, ದಪ್ಪ ತಳದ ಬೋಗುಣ್ಯಾಗ ಉಪ್ಪು, ಬೆಣ್ಣಿಹಂಗ ಅರದ ಬಳ್ಳೊಳ್ಳಿ, ಜೀರಗಿ ಪುಡಿ ಹಾಕಿ ನೀರು ಕುದಿಸಿ, ನೆನಸಿದ್ದು ಸಣ್ಣಗ ಸುರಕೋತ ಕಟಗಿ ಹುಟ್ಟಿನಿಂದ ತಿರುವೂದು. ಸಣ್ಣ ಉರಿ. ಕೈ ಬಿಟ್ರ ಗಂಟು, ಮೈಮರತ್ರ ತಳಾ ಹಿಡೀತೈತಿ. ರವಾ ಅರಳಿ ಕರಗಿದ ಮ್ಯಾಲೆ ಗಟ್ಟಿ ಹಾಲು, ಮತ್ತ ತಿರುವೂದು, ಇಳಿಸಿದ ಮ್ಯಾಲೆ ಬೆಣ್ಣಿ. ಚಮಚಾ ಬೋರಲ ಹಿಡದ್ರ ಬೀಳಬಾರದು, ಅಲುಗಿಸಿದ್ರ ಮೆಲ್ಲಕ ಜಾರಬೇಕು, ಅದು ಅಕಿ ಅಳತಿ. ನಾನೂ ರುಚಿ ನೋಡೇನಿ. ಖರೇ ಹೇಳ್ತೇನಿ, ಹಳದಿ ಕೆನಿಯಂಗ ನಾಲಿಗಿ ಮ್ಯಾಲೆ ಕರಗತಿತ್ತು. ಅಕಿ ಬಲಗೈ ಮಣಕಟ್ಟು ಮಾತ್ರ ಬಾತು ಕುಂತಿತ್ತು. ನಾನು ಎಣ್ಣಿ ತಿಕ್ಕಾಕ ಹೋದ್ರ, ಬಿಡು, ಮತ್ತ ತಿರುವೂದ ಐತೆಲ್ಲ ಅಂತಿದ್ಲು.

ಒಮ್ಮೆ ಬಸವಕ್ಕ ಗಿರಣಿಗೆ ಹೋದಾಗ ರಜನಿ ನುಚ್ಚು ಮಾಡಿದ್ಲು. ಅಕಿಗೆ ಧಾರವಾಡದ ಬಸ್ಸಿನ ಅವಸರ. ಗಟ್ಟಿ ಆತು ಅಂತ ಮ್ಯಾಲೆ ಹಾಲು ಸುರದ್ಲು, ಸರಿಯಾಗಿ ಕೂಡಿಸಲಿಲ್ಲ. ಎರಡನೇ ಚಮಚಾಕ್ಕ ಅಣ್ಣಾರು ಕೆಮ್ಮಿ ಕೆಮ್ಮಿ ಮಾರಿ ಕಪ್ಪಿಟ್ಟಿತು. ದವಾಖಾನಿ ಸೇರಿ ಉಳದು ಬಂದ್ರು. ರಜನಿ ಅತ್ತಿ ಕಾಲು ಹಿಡದು ಅತ್ಲು, ಬಸವಕ್ಕ ಬೈಲಿಲ್ಲ. ಆದ್ರ ಅವತ್ತಿನಿಂದ ಹುಟ್ಟು ಯಾರ ಕೈಯಾಗೂ ಕೊಡಲಿಲ್ಲ. ಬೀಗರು ನೆಂಟರಿಗೆಲ್ಲಾ ಆ ಸುದ್ದಿ ಮುಟ್ಟಿತು. ಅದು ಆಮ್ಯಾಲೆ ಬಾಳ ದುಬಾರಿ ಆತು.

ನುಚ್ಚು ಅಣ್ಣಾರಿಗೆ ಹತ್ತಿತು. ಮೈಯಾಗ ಕಸುವು ಬಂತು. ಆದ್ರ ಊಟ ಮುಗದ ಮ್ಯಾಲೆ ದಿನಾ ಒಂದು ಪಜೀತಿ. ತಾಟು ಒಯ್ಯಾಕ ಹೋದ್ರ ಎಡಗೈಲೆ ಗಟ್ಟಿ ಹಿಡಕೊಳ್ಳವರು. ನೀರಿನ ತಂಬಿಗಿ ಕಡೆ ನೋಡವರು. ಕೊಡಂಗಿಲ್ಲ ಅಂದ್ರ ಸಣ್ಣ ಕೂಸಿನಂಗ ಕಣ್ಣೀರು ಹಾಕವರು. ಪುಡಿ ಕೂಡಿಸಿದ ಮಂದ ನೀರು ತಾಟಿಗೆ ಹಾಕಿ ನೋಡಿದ್ಲು. ಆ ಲೋಳಿ ಕಂಡು ಅವರು ಮಾರಿ ಹೊಳ್ಳಿಸಿದ್ರು. ಗಂಡ ಅಳೂದು ನೋಡಾಕ ಆಗವಲ್ದು ಪ್ರಭಾ ಅಂತ ಬಸವಕ್ಕ ನಮ್ಮ ಅಡಗಿ ಮನ್ಯಾಗ ಕುಂತು ತಾನೂ ಅತ್ಲು. ಕಡೀಕ ಅವರ ಮನಿ ಗುರು, ಅಯ್ಯನವರಾದ ಮಹಾಂತಯ್ಯನವರನ್ನ ಕೇಳಿದ್ಲು. ಅವರು ತಿಳುವಳಿಕಿ ಮನಶ್ಯಾ. ಗಂಡನ ಅರ್ಧ ಮೈ ನೀನು, ನೀ ಕುಡದ್ರ ಅವರು ಕುಡದಂಗ ಅಂದ್ರು. ಆ ದಿನದಿಂದ ಗಂಡನ ಎದುರಿಗೆ ಕುಂತು ಅವರ ತಾಟು ತೊಳದು ಆ ನೀರು ಅಕಿ ಕುಡೀತಿದ್ಲು. ಅಣ್ಣಾರು ಅಕಿ ಗಂಟಲ ಇಳಿಯೂತನಾ ನೋಡ್ತಿದ್ರು. ಆಮ್ಯಾಲೆ ತಾಟು ಬಿಡ್ತಿದ್ರು.

ಅದಕ್ಕಂತನ ಅವರ ಬಾಜೂಕ ಸದಾ ಒಂದು ತಂಬಿಗಿ ನೀರು ಇರ್ತಿತ್ತು.

ಮುಂದಿಂದು ಬಸವಕ್ಕನ ಬಾಯಿಂದ ನನಗ ತಡಾ ಆಗಿ ಗೊತ್ತಾತು. ಶ್ರಾವಣದ ಒಂದು ಸೋಮವಾರ ಅಣ್ಣಾರು ಮೊದಲನೇ ಸಲ ಎಡಗೈಲೆ ತಾವ ಚಮಚಾ ಹಿಡದು ಇಡೀ ತಾಟು ಉಂಡ್ರಂತ. ಅಕ್ಕನಿಗೆ ಖುಷಿ ತಡೀಲಿಲ್ಲ. ಇವತ್ತರೆ ಅವರ ಜೋಡಿ ಕುಂತು ನಾನೂ ಉಣ್ಣೂಣು ಅಂತ ತನ್ನ ತಾಟು ತರಾಕ ಒಳಗ ಹೋದ್ಲು. ಬರೂದರಾಗ ಅಣ್ಣಾರು ತಾಟಿಗೆ ನೀರು ಹಾಕಿ, ತೊಳದು, ಎತ್ತಿ ಕುಡದಿದ್ರು. ಗದ್ದದಿಂದ ಅಂಗಿ ಮ್ಯಾಲೆ ನೀರು ಇಳಿಯಾಕತ್ತಿತ್ತು, ಅರ್ಧ ಮಾರಿ ನಗಾಕತ್ತಿತ್ತು. ಅಕಿ ಓಡಿಹೋಗಿ ಅವರ ಬೆನ್ನಿಗೆ ಕೈ ಇಟ್ಟು ಕುಂತ್ಲು. ಕೆಮ್ಮು ಬರಲಿಲ್ಲ. ಒಂದೂ ಬರಲಿಲ್ಲ. ಅಣ್ಣಾರು ಉಸಿರು ಬಿಟ್ಟು “ಶಿವಾ” ಅಂದ್ರಂತ. ಲಕ್ವಾ ಹೊಡದ ಮ್ಯಾಲೆ ಆ ಬಾಯಿಂದ ಬಂದ ಮೊದಲನೇ ಪೂರಾ ಮಾತು ಅದು.

ಈಗ ನೀವ ಹೇಳ್ರಿ, ಆ ಮಾತು ಕೇಳಿದ ಹೆಂಡ್ತಿ ಮರುದಿನ ತಂಬಿಗಿ ತಗದು ದೂರ ಇಡ್ತಾಳೇನು? ಇಡಬೇಕಿತ್ತು. ಇಡಲಿಲ್ಲ. ಏನೂ ಆಗಲಿಲ್ಲ, ಗಂಟಲ ಸುದ್ದ ಆಗೇತಿ, ದೇವರು ಕಣ್ಣು ತೆರದಾನ ಅಂದುಕೊಂಡ್ಲು. ಮರುದಿನಾನೂ ಕುಡಿಯಾಕ ಬಿಟ್ಲು, ಅದರ ಮರುದಿನಾನೂ. ಮಗಗ ಹೇಳಲಿಲ್ಲ, ಹೇಳಿದ್ರ ಕಸಗೊಳ್ತಾನ ಅಂತ. ನನಗೂ ಹೇಳಲಿಲ್ಲ. ವಾರ ತುಂಬೂದರಾಗ ಅಣ್ಣಾರು ಸುಮ್ಮ ಸುಮ್ಮನ ಮಲಗಾಕತ್ರು. ಆಮ್ಯಾಲೆ ಮೈ ಸುಡೂ ಜ್ವರ, ಉಸಿರಾಟದಾಗ ಗೊರಗೊರ ಸಪ್ಪಳ.

ದವಾಖಾನ್ಯಾಗ ಡಾಕ್ಟರು ಎದಿ ಎಕ್ಸರೇ ಫೋಟೋ ನೋಡಿ ಪುಪ್ಪಸದಾಗ ನಂಜಾಗೇತಿ ಅಂದ್ರು. ತೆಳ್ಳಂದು ಏನರೆ ಕೊಟ್ಟೀರೇನು ಅಂತ ಕೇಳಿದ್ರು. ಬಸವಕ್ಕ ಇಲ್ಲ ಅಂತ ತಲಿ ಅಲ್ಲಾಡಿಸಿದ್ಲು. ಆಗ ಶಿವಯೋಗೀಶ ತಿರುಗಿ ರಜನಿ ಮಾರಿ ನೋಡಿದ. ಆ ವಾರದಾಗ ಒಂದ ಸಲ ಅತ್ತಿ ಜಳಕಕ್ಕ ಹೋದಾಗ ತಳಾ ಹಿಡದೀತು ಅಂತ ರಜನಿ ತಾನಾಗೇ ಬೋಗುಣಿ ಮುಂದ ನಿಂತು ತಿರುವಿದ್ಲು, ಅಷ್ಟ. ನಾನಲ್ಲರಿ, ನಾನು ಹಾಲು ಮುಟ್ಟಿಲ್ಲ ಅಂತ ಅಕಿ ಅಲ್ಲೇ ಅಂದ್ಲು. ಎರಡು ದಿನದಾಗ ಅಣ್ಣಾರು ತೀರಿಕೊಂಡ್ರು.

ಸತ್ತ ಮನ್ಯಾಗ ಮಂದಿಗೆ ಒಂದು ಕಾರಣ ಬೇಕು. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ. ಅಣ್ಣಾರ ತಂಗಿ ಕಮರಿಪ್ಯಾಟಿಯಿಂದ ಬಂದಾಕಿ, ಬಂದ ಗಳಿಗಿಯಿಂದ ರಜನಿ ಹೆಸರು ಹಿಡದು ಹಾಡಿಕೊಂಡು ಅತ್ಲು. ಓದಿದ ಸೊಸಿ ತಂದ್ರ ಹಿಂಗ, ಮಾವಗ ಒಂದು ತುತ್ತು ನೆಟ್ಟಗ ಬೇಯಿಸಿ ಹಾಕಲಿಲ್ಲ ಅಂತ. ರಜನಿ ಮೊದಮೊದಲು ಎದುರು ಹೇಳಿದ್ಲು, ಆಮ್ಯಾಲೆ ಬಿಟ್ಲು. ಗಂಡ ಅಕಿ ಕೂಡ ಮಾತು ಬಿಟ್ಟಿದ್ದ. ಅಕಿನ್ನ ತವರಿಗೆ ಕಳಸೂ ಮಾತು ಪಡಸಾಲ್ಯಾಗ ಗಟ್ಟಿಯಾಗೇ ನಡೀತು. ಬಸವಕ್ಕ ಗ್ವಾಡಿಗೆ ಆನಿಸಿ ಕುಂತು ಎಲ್ಲಾ ಕೇಳಿಸಿಕೊಂಡ್ಲು. ದುಃಖದಾಗ ಅದಾಳ ಅಂತ ನಾವೆಲ್ಲಾ ತಿಳಕೊಂಡಿದ್ವಿ.

ತೀರಿಕೊಂಡವರ ಹೆಸರಿಲೆ ಊಟ ಹಾಕೂ ಗಣಾರಾಧನಿ ದಿನ ಬಂತು. ಅಯ್ಯನವರು, ಹೊರಗಿನವರು ಉಂಡು ಹೋದ ಮ್ಯಾಲೆ ಮನಿಯವರು ಪಡಸಾಲ್ಯಾಗ ಸಾಲಾಗಿ ಕುಂತ್ರು. ಅಕ್ಕ ನನ್ನ ಕೈ ಹಿಡದು ತನ್ನ ಬಾಜೂಕ ಕೂಡಿಸಿಕೊಂಡ್ಲು. ಅಣ್ಣಾರು ಕಡೀಕ ಉಂಡಿದ್ದು ಅಂತ ಗೊಂಜಾಳ ನುಚ್ಚೂ ಮಾಡಿಸಿದ್ರು, ಬಸವಕ್ಕನ ಕೈಲೇನ. ಅದನ್ನ ಸಣ್ಣ ಸಣ್ಣ ವಾಟಿದಷ್ಟು ಎಲ್ಲಾರೂ ಉಂಡ್ವಿ. ಊಟ ಮುಗೀತು. ರಜನಿ ತಂಬಿಗಿ ಹಿಡದು ಒಬ್ಬೊಬ್ಬರ ತಾಟಿಗೆ ನೀರು ಹಾಕೋತ ಬಂದ್ಲು, ಎಲ್ಲಾರೂ ಬೆರಳಿಂದ ತೊಳಿಯಾಕತ್ರು. ಅಣ್ಣಾರ ತಂಗಿ ಮುಂದ ಬಂದಾಗ ಅಕಿ ತಾಟಿನ ಮ್ಯಾಲೆ ಕೈ ಅಡ್ಡ ಹಿಡದ್ಲು. ನಮ್ಮಣ್ಣನ ಕೊಂದ ಕೈಲೆ ನನಗ ನೀರು ಬ್ಯಾಡ ಅಂದ್ಲು. ರಜನಿ ತಂಬಿಗಿ ಹಿಡಕೊಂಡು ಹಂಗ ನಿಂತ್ಲು. ಶಿವಯೋಗೀಶ ತಲಿ ಎತ್ತಲಿಲ್ಲ.

ನನ್ನ ಬಾಜೂಕ ಬಸವಕ್ಕನ ಉಸಿರು ಕೇಳಿಸಾಕತ್ತಿತ್ತು.

“ರಜನಿ ಅಲ್ಲ,” ಅಂದ್ಲು. “ತಾಟು ತೊಳದ ನೀರು ಅವರು ಕುಡದ್ರು. ಮೊದಲನೇ ದಿನ ನನಗ ಗೊತ್ತಿಲ್ಲದ ಕುಡದ್ರು. ಆಮ್ಯಾಲಿನ ದಿನಾ ನಾನ ಎದುರಿಗೆ ಕುಂತು ಕುಡಿಯಾಕ ಬಿಟ್ಟೆ.”

ಎಲ್ಲಾರ ತಾಟಿನ್ಯಾಗೂ ನೀರಿತ್ತು, ತಿಳಿ ಹಳದಿ ನೀರು. ರಜನಿ ಮಾರಿ ಮ್ಯಾಲೆ ಸಮಾಧಾನ ಬರ್ತೈತೇನೋ ಅಂತ ನಾನು ನೋಡಿದೆ. ಬರಲಿಲ್ಲ.

“ಇಷ್ಟ ದಿನಾ ಕೇಳಕೋತ ಕುಂತಿದ್ರೆಲ್ಲರಿ ಅತ್ತಿ,” ಅಂದ್ಲು.

ಬಸವಕ್ಕ ತನ್ನ ತಾಟು ಎರಡೂ ಕೈಲೆ ಎತ್ತಿ ತುಟಿಗೆ ಹಚ್ಚಿದ್ಲು. ನೀರು ಬಾಯಾಗ ಹೋತು, ಗಂಟಲ ಇಳೀಲಿಲ್ಲ. ಗದ್ದದಿಂದ ಸೀರಿ ಮ್ಯಾಲೆ ಸುರೀತು. ಮತ್ತೊಮ್ಮೆ ಎತ್ತಿದ್ಲು, ಮತ್ತ ಹಂಗ. ತಾಟು ಕೆಳಗ ಇಟ್ಟು ಅದನ್ನ ನೋಡಕೋತ ಕುಂತ್ಲು. ಅಕಿ ಪರವಾಗಿ ನಾನರೆ ಕುಡದುಬಿಡ್ಲೇನು ಅನಿಸ್ತು. ಆದ್ರ ನಾನು ಆ ಮನಿಯಾಕಿ ಅಲ್ಲ.

ರಜನಿ ತಂಬಿಗಿ ಕೆಳಗಿಟ್ಟು ಬಗ್ಗಿದ್ಲು. ಅತ್ತಿ ಮುಂದಿನ ತಾಟು ತಗೊಂಡು ಬಚ್ಚಲಕ್ಕ ಹೋದ್ಲು. ನೀರು ಮೋರಿಗೆ ಸುರದ ಸಪ್ಪಳ ಎಲ್ಲಾರಿಗೂ ಕೇಳಿಸ್ತು. ಸಿಟ್ಟಿನಿಂದ ಸುರದ್ಲೋ ಅಂತಃಕರಣದಿಂದ ಸುರದ್ಲೋ ನನಗ ಇವತ್ತಿಗೂ ತಿಳಿದಿಲ್ಲ. ಆ ಮನಿ ತಾಟಿನ ನೀರು ಮೋರಿಗೆ ಹೋಗಿದ್ದು ಅವತ್ತ ಮೊದಲು. ಉಳದವರು ತಮ್ಮ ತಮ್ಮ ತಾಟು ನೋಡಿಕೊಂಡ್ರು. ಚೆಲ್ಲೂ ಹಂಗಿಲ್ಲ, ಒಬ್ಬೊಬ್ಬರ ಎತ್ತಿ ಕುಡದ್ರು. ನಾನೂ ಕುಡದೆ.