ಮಸಿಗೋಡೆಯ ಕಾವಲು

ಇತಿಹಾಸ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರಿಗೆ ಓಣಿಯವರು ಇಟ್ಟ ಹೆಸರು ‘ಪುರಾತನ’. ತಾತ ಕಟ್ಟಿಸಿದ ಮನೆಯಲ್ಲಿ ಅವರ ವಾಸ. ತಲೆಬಾಗಿಲ ಚಿಲಕಕ್ಕೆ ಒಂದು ತೊಟ್ಟು ಎಣ್ಣೆ ಬಿಡಲೂ ಒಪ್ಪುತ್ತಿರಲಿಲ್ಲ. ಆ ಕಿರ್ರೆನ್ನುವ ಸದ್ದೂ ಪರಂಪರೆಯಂತೆ.

ಅಡುಗೆಮನೆಯ ಮೇಲಂತೂ ಎಲ್ಲಿಲ್ಲದ ಮಮತೆ. ಹಿತ್ತಿಲ ಕಡೆಯ ಕತ್ತಲೆ ಕೋಣೆ, ಅಂಗೈಯಗಲದ ಕಿಟಕಿ, ಮೊಣಕಾಲೆತ್ತರದ ಕಟ್ಟೆ, ಮಸಿ ಮೆತ್ತಿದ ಗೋಡೆ. ಬಂದವರಿಗೆಲ್ಲ ಆ ಮಸಿ ತೋರಿಸಿ, ಇದು ನಮ್ಮ ಅಜ್ಜಿಯರ ಬೆವರಿನ ಚರಿತ್ರೆ ಎಂದು ಗದ್ಗದರಾಗುತ್ತಿದ್ದರು. ಗದ್ಗದ ಮುಗಿದ ಮೇಲೆ ಪಡಸಾಲೆಗೆ ಬಂದು ಚಹಾಕ್ಕೆ ಕೂಗುತ್ತಿದ್ದರು. ಬಗ್ಗಿ ಬಗ್ಗಿ ಸೊಂಟ ಹಿಡಿದುಹೋಗಿದ್ದ ಹೆಂಡತಿ ಮತ್ತೆ ಬಗ್ಗುತ್ತಿದ್ದರು.

ಇನ್ನು ಬಗ್ಗಲೇಬಾರದು ಎಂದು ಡಾಕ್ಟರು ಹೇಳಿದ ಮೇಲೆ ಮೇಷ್ಟ್ರು ರಿಪೇರಿಗೆ ಒಪ್ಪಿದರು. ಒಂದೇ ಷರತ್ತು, ಮೂಲ ಸ್ವರೂಪ ಕೆಡಬಾರದು. ಗಾರೆ ಮೇಸ್ತ್ರಿ ಕಟ್ಟೆ ಎತ್ತರಿಸೋಣ ಎಂದರೆ ಮೂಲ ಸ್ವರೂಪ. ಕಿಟಕಿ ಅಗಲಿಸೋಣ ಎಂದರೆ ಮೂಲ ಸ್ವರೂಪ. ಸೋರುವ ನಲ್ಲಿಯ ವಾಷರಾದರೂ ಬದಲಾಯಿಸಬಹುದೋ, ಅದೂ ಮೂಲದ್ದೋ ಎಂದು ಆತ ಕೇಳಿದ. ಯೋಚಿಸಿ ಹೇಳುತ್ತೇನೆ ಎಂದರು ಮೇಷ್ಟ್ರು.

ಈ ಸಡಗರ ನೋಡಲು ಅವರ ಸೋದರತ್ತೆ ಬಂದರು. ಆ ಮನೆಯಲ್ಲೇ ಹುಟ್ಟಿ ಬೆಳೆದವರು; ಕಣ್ಣು ಮಂಜಾಗಿದ್ದರೂ ನಾಲಿಗೆ ಮೊಂಡಾಗಿರಲಿಲ್ಲ. ಮಸಿಗೋಡೆಯೆದುರು ಮೇಷ್ಟ್ರು ಎಂದಿನ ಭಾಷಣ ಶುರು ಮಾಡಿದಾಗ ಅತ್ತೆ ತಡೆದರು.

“ಇದು ಅಡುಗೆಮನೆ ಅಲ್ವೋ, ಬಚ್ಚಲು. ಇಲ್ಲಿ ಸ್ನಾನಕ್ಕೆ ನೀರು ಕಾಯಿಸ್ತಿದ್ರು.”

ಹಾಗಾದರೆ ಅಡುಗೆ ಎಲ್ಲಿ ಮಾಡುತ್ತಿದ್ದಿರಿ ಎಂದು ಹೆಂಡತಿ ಕೇಳಿದರು. ಅತ್ತೆ ನೆಟ್ಟಗೆ ಮೇಷ್ಟ್ರ ಓದುವ ಕೋಣೆಗೆ ನಡೆದು, ಪುಸ್ತಕದ ಬೀರು ಸರಿಸಲು ಹೇಳಿದರು. ಮೇಸ್ತ್ರಿ ಬೀರುವಿನ ಹಿಂದಿದ್ದ ಗೋಡೆಯ ಗಾರೆ ಕೆರೆದರೆ, ಇಟ್ಟಿಗೆ ತುಂಬಿ ಮುಚ್ಚಿದ ಒಲೆಯ ಗೂಡು, ಅದರ ಮೇಲೆ ಹೊಗೆಗಂಡಿ. ಎರಡು ದೊಡ್ಡ ಕಿಟಕಿಯ, ಗಾಳಿ ಬೆಳಕಿನ ಕೋಣೆ ಅದು. ಮಧ್ಯಾಹ್ನ ಮಲಗಲು ತಾತನಿಗೆ ಆ ಗಾಳಿಯೇ ಬೇಕೆನಿಸಿ, ಹೆಂಗಸರನ್ನು ಪಾತ್ರೆಪಗಡದ ಸಮೇತ ಬಚ್ಚಲಿಗೆ ಅಟ್ಟಿದ್ದನಂತೆ.

ಅತ್ತೆಗೆ ವಯಸ್ಸಾಯ್ತು, ಮರೆವು ಎಂದು ಮೇಷ್ಟ್ರು ಗೊಣಗಿದರು. ಒಲೆಗೆ ಮರೆವಾಗಿರಲಿಲ್ಲ.

“ರೀ, ಮೂಲ ಸ್ವರೂಪ ಕೆಡಬಾರದು ಅಂದೋರು ನೀವೇ,” ಎಂದರು ಹೆಂಡತಿ. “ನಿಮ್ಮ ಪುಸ್ತಕ ಎಲ್ಲಾ ಯಾವತ್ತು ಸಾಗಿಸೋಣ?”

ಮೇಷ್ಟ್ರಿಗೆ ಆ ರಾತ್ರಿ ಊಟ ಸೇರಲಿಲ್ಲ. ಆದರೂ ತಮ್ಮ ಮಾತನ್ನು ತಾವೇ ನುಂಗುವುದು ಹೇಗೆ? ವಾರದೊಳಗೆ ಪುಸ್ತಕಗಳು ಬಚ್ಚಲು ಸೇರಿದವು. ಒಲೆಯ ಗೂಡನ್ನು ಇದ್ದಂತೆಯೇ ಉಳಿಸಿ, ಅದರ ಪಕ್ಕಕ್ಕೆ ಮೇಸ್ತ್ರಿ ಹೆಂಡತಿಯ ಎತ್ತರಕ್ಕೆ ಸರಿಯಾಗಿ ಕಟ್ಟೆ ಕಟ್ಟಿದ. ಮೇಷ್ಟ್ರು ಬಾಯಿ ತೆರೆದರು, ಅತ್ತೆ ಒಮ್ಮೆ ಅವರ ಕಡೆ ನೋಡಿದರು, ಬಾಯಿ ಮುಚ್ಚಿತು.

ಈಗ ಮೇಷ್ಟ್ರು ಹಗಲಲ್ಲೂ ದೀಪ ಹಾಕಿಕೊಂಡು ಓದುತ್ತಾರೆ. ಯಾರಾದರೂ ಬಂದರೆ ಮಾತ್ರ ಎದ್ದು ಹೊಸ ಅಡುಗೆಮನೆಗೆ ಓಡಿ, ಹಳೆಯ ಒಲೆಯನ್ನು ತಾವು ಸಂಶೋಧಿಸಿದ ಬಗೆಯನ್ನು ವಿವರಿಸುತ್ತಾರೆ. ಹೆಂಡತಿ ಅಡ್ಡ ಬರುವುದಿಲ್ಲ. ವಿವರಣೆ ಉದ್ದವಾದಾಗ, ಹೇಗೂ ನಿಂತಿದ್ದೀರಲ್ಲ ಎಂದು ಚಾಕುವನ್ನೂ ನಾಲ್ಕು ಈರುಳ್ಳಿಯನ್ನೂ ಕೈಗೆ ಕೊಡುತ್ತಾರೆ.